ನಡುವಿನ ಬಿಂದುವಿಗೂ ಕಾರಣ ಕೇಳಿದ ಮೇಷ್ಟ್ರು: ಬರ್ನಾರ್ಡ್ ಬೊಲ್ಜಾನೊ

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂತೋಷದಲ್ಲಿ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಜೀವನಚರಿತ್ರೆ ಬರೆದುಕೊಡಬೇಕೆಂದು ಸಂಚಿಕೆ ಸಮಿತಿಯ ಹಿರಿಯರು ಕೇಳಿದರು. ಗಾಂಧೀಜಿಯವರ ಬಗ್ಗೆ, ವಿಶ್ವೇಶ್ವರಯ್ಯನವರ ಬಗ್ಗೆ, ಕುವೆಂಪು ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳೂ ಗೆಳೆಯರೂ ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ನನಗೆ ಗೊತ್ತಿರುವುದು ಲೆಕ್ಕ. ಆದ್ದರಿಂದ ನನ್ನ ಕೆಲಸದಲ್ಲಿ ದಿನವೂ ಬೇಕಾಗುವ ಒಂದು ಪುಟ್ಟ ಲೆಕ್ಕವನ್ನು ಹಿಡಿದುಕೊಂಡು, ಅದರ ಬುಡವನ್ನು ಹುಡುಕಿದ ಒಬ್ಬ ಮೇಷ್ಟ್ರ ಜೀವನವನ್ನು ಇಲ್ಲಿ ಹೇಳುತ್ತೇನೆ. ಅವರ ಹೆಸರು ಬರ್ನಾರ್ಡ್ ಬೊಲ್ಜಾನೊ. ಗಣಿತದಲ್ಲಿ ಪದವಿ ಮಾಡಿದ ಎಲ್ಲರಿಗೂ ಇದು ಪರಿಚಿತ ಹೆಸರು. ಆದರೆ ಅವರ ಬದುಕಿನ ಕಥೆ ತಿಳಿದವರು ಕಡಿಮೆ.

ಒಂದು ಪುಟ್ಟ ಲೆಕ್ಕ

ನಮ್ಮ ಶಾಲೆಯಲ್ಲಿ ಓದಿದವರೆಲ್ಲ ಕರಿಹಲಗೆಯ ಮೇಲೆ ಸಂಖ್ಯಾರೇಖೆಯನ್ನು ನೋಡಿದ್ದೇವೆ. ಉದ್ದನೆಯ ಅಡ್ಡಗೆರೆ, ನಡುವೆ ಸೊನ್ನೆ, ಬಲಕ್ಕೆ 1, 2, 3, ಎಡಕ್ಕೆ −1, −2, −3, ಎರಡೂ ತುದಿಗೆ ಬಾಣದ ಗುರುತು. ಈ ಗೆರೆಯ ಮೇಲೆ 4 ಮತ್ತು 10ರ ಸರಿಯಾದ ನಡು ಯಾವುದು ಎಂದು ಕೇಳಿದರೆ ಎರಡನ್ನೂ ಕೂಡಿಸಿ ಅರ್ಧ ಮಾಡುತ್ತೇವೆ. 4 ಮತ್ತು 10 ಸೇರಿ 14, ಅದರ ಅರ್ಧ 7. ಋಣ ಸಂಖ್ಯೆ ಬಂದರೂ ಲೆಕ್ಕ ಅದೇ. −3 ಮತ್ತು 7 ಸೇರಿದರೆ 4, ಅರ್ಧ ಮಾಡಿದರೆ 2.

ಇದೇ ಉತ್ತರಕ್ಕೆ ಇನ್ನೊಂದು ದಾರಿಯೂ ಇದೆ. −3ರಿಂದ 7ರವರೆಗೆ ಇರುವ ದೂರ 10. ಅದರ ಅರ್ಧ 5. −3ರಲ್ಲಿ ನಿಂತು ಬಲಕ್ಕೆ ಐದು ಹೆಜ್ಜೆ ನಡೆದರೆ 2ಕ್ಕೆ ಬರುತ್ತೇವೆ. ಮೊದಲನೆಯದು ಕೂಡಿಸಿ ಭಾಗಿಸುವ ದಾರಿ. ಎರಡನೆಯದು ಹೊರಟ ಜಾಗದಿಂದ ಅರ್ಧ ದೂರ ನಡೆಯುವ ದಾರಿ. ಈ ಎರಡನೆಯ ದಾರಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇನ್ನೂರು ವರ್ಷಗಳ ಹಿಂದೆ ಬೊಲ್ಜಾನೊ ಹಿಡಿದದ್ದು ಇದನ್ನೇ. ಇವತ್ತು ಕಂಪ್ಯೂಟರಿಗೆ ಬೇಕಾಗಿರುವುದೂ ಇದೇ.

ನಡು ಸಿಕ್ಕ ಮೇಲೆ ಕೆಲಸ ಮುಗಿಯಿತೇ? ಇಲ್ಲ. 4 ಮತ್ತು 7ರ ನಡುವೆಯೂ ಒಂದು ನಡು ಇದೆ, 5.5. 4 ಮತ್ತು 5.5ರ ನಡುವೆ 4.75. ಹೀಗೆ ಎಷ್ಟು ಹತ್ತಿರದ ಎರಡು ಸಂಖ್ಯೆ ಕೊಟ್ಟರೂ ಅವುಗಳ ನಡುವೆ ಇನ್ನೊಂದು ಇದ್ದೇ ಇರುತ್ತದೆ. ಎರಡು ಭಾಗಲಬ್ಧ ಸಂಖ್ಯೆಗಳ ನಡುವೆ ಲೆಕ್ಕವಿಲ್ಲದಷ್ಟು ಭಾಗಲಬ್ಧ ಸಂಖ್ಯೆಗಳಿವೆ ಎಂದು ಒಂಬತ್ತನೇ ತರಗತಿಯಲ್ಲಿ ನಾವು ಕಲಿತದ್ದು ಇದನ್ನೇ. ಹಾಗಾದರೆ ಗೆರೆ ಪೂರ್ತಿ ತುಂಬಿಹೋಯಿತೇ? ಎಲ್ಲೂ ತೂತಿಲ್ಲವೇ? ಕಣ್ಣಿಗಂತೂ ತುಂಬಿದ ಹಾಗೆಯೇ ಕಾಣುತ್ತದೆ. ಆದರೆ ಕಣ್ಣಿಗೆ ಕಂಡದ್ದನ್ನು ಕಾರಣವೆಂದು ಒಪ್ಪಲಾರೆ ಎಂದವರು ಬೊಲ್ಜಾನೊ.

ಬಾಲ್ಯ ಮತ್ತು ಓದು

ಬೊಲ್ಜಾನೊ ಹುಟ್ಟಿದ್ದು 1781ರ ಅಕ್ಟೋಬರ್ 5ರಂದು, ಪ್ರಾಗ್ ನಗರದಲ್ಲಿ. ಈಗ ಅದು ಜೆಕ್ ದೇಶದ ರಾಜಧಾನಿ. ಆಗ ಬೊಹಿಮಿಯಾ ಪ್ರಾಂತ್ಯದ ಮುಖ್ಯ ಪಟ್ಟಣವಾಗಿದ್ದು, ವಿಯೆನ್ನಾದಲ್ಲಿ ಕುಳಿತ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ತಂದೆ ಇಟಲಿಯಿಂದ ಬಂದು ಪ್ರಾಗ್‌ನಲ್ಲಿ ನೆಲೆಸಿ ಕಲಾಕೃತಿಗಳ ವ್ಯಾಪಾರ ಮಾಡುತ್ತಿದ್ದವರು. ತಾಯಿ ಪ್ರಾಗ್‌ನ ಜರ್ಮನ್ ಭಾಷೆಯ ವ್ಯಾಪಾರಿ ಮನೆತನದವರು. ಮನೆಯಲ್ಲಿ ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ದೊಡ್ಡವರಾಗಿ ಬೆಳೆದು ಉಳಿದವರು ಇಬ್ಬರೇ, ಬರ್ನಾರ್ಡ್ ಮತ್ತು ಅವರ ತಮ್ಮ. ಉಳಿದ ಬರ್ನಾರ್ಡ್‌ಗೂ ಆರೋಗ್ಯ ನೆಟ್ಟಗಿರಲಿಲ್ಲ. ಎದೆಯ ಕಾಯಿಲೆ ಚಿಕ್ಕಂದಿನಿಂದ ಸಾಯುವವರೆಗೂ ಜೊತೆಯಲ್ಲೇ ಇತ್ತು.

1796ರಲ್ಲಿ ಪ್ರಾಗ್ ವಿಶ್ವವಿದ್ಯಾಲಯ ಸೇರಿ ತತ್ತ್ವಶಾಸ್ತ್ರ ಮತ್ತು ಗಣಿತ ಓದಿದರು. ಅಲ್ಲಿ ಕೆಸ್ಟ್ನರ್ ಎಂಬ ಜರ್ಮನ್ ಗಣಿತಜ್ಞರ ಪಠ್ಯಪುಸ್ತಕ ಅವರ ಕೈಗೆ ಬಂತು. ಎಲ್ಲರಿಗೂ ಗೊತ್ತಿರುವುದೆಂದು ಉಳಿದವರು ಬಿಟ್ಟು ಮುಂದೆ ಹೋಗುತ್ತಿದ್ದ ಸಂಗತಿಗಳನ್ನೂ ಆ ಪುಸ್ತಕ ಬಿಡದೆ ಸಾಧಿಸಿ ತೋರಿಸುತ್ತಿತ್ತು. ಗಣಿತದ ಮೇಲೆ ತಮಗೆ ಪ್ರೀತಿ ಹುಟ್ಟಿದ್ದೇ ಇದರಿಂದ ಎಂದು ಬೊಲ್ಜಾನೊ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಲೆಕ್ಕ ಮಾಡಿ ಉತ್ತರ ತರುವುದರಲ್ಲಿ ಅವರಿಗೆ ಅಷ್ಟು ಆಸಕ್ತಿ ಇರಲಿಲ್ಲ. ಆ ಉತ್ತರ ಏಕೆ ಸರಿ ಎಂಬುದೇ ಅವರ ಹಸಿವು.

1800ರಿಂದ ದೇವತಾಶಾಸ್ತ್ರವನ್ನೂ ಓದಿದರು. 1804ರಲ್ಲಿ ರೇಖಾಗಣಿತದ ಬುನಾದಿಯ ಮೇಲೆ ಮೊದಲ ಪುಸ್ತಕ ಪ್ರಕಟಿಸಿದರು. ವಿಶ್ವವಿದ್ಯಾಲಯದಲ್ಲಿ ಗಣಿತದ ಪೀಠಕ್ಕೂ ಹೊಸದಾಗಿ ತೆರೆದ ಧರ್ಮಬೋಧನೆಯ ಪೀಠಕ್ಕೂ ಅವರು ಸ್ಪರ್ಧಿಸಿದರು. ಸಿಕ್ಕಿದ್ದು ಎರಡನೆಯದು. 1805ರಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿ ದೀಕ್ಷೆ ಪಡೆದರು. ಅದೇ ವರ್ಷ ಇಪ್ಪತ್ತಮೂರನೇ ವಯಸ್ಸಿನಲ್ಲಿ ಪಾಠ ಹೇಳಲು ನಿಂತರು.

ಆ ಪೀಠ ಹುಟ್ಟಿದ್ದಕ್ಕೆ ಒಂದು ಹಿನ್ನೆಲೆ ಇದೆ. ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ರಾಜನ ತಲೆ ಉರುಳಿತ್ತು. ಆ ಗಾಳಿ ತನ್ನ ರಾಜ್ಯಕ್ಕೆ ಬೀಸಬಾರದೆಂದು ಚಕ್ರವರ್ತಿ ಫ್ರಾನ್ಸ್ ವಿಶ್ವವಿದ್ಯಾಲಯಗಳಲ್ಲಿ ಧರ್ಮಬೋಧನೆಯನ್ನು ಕಡ್ಡಾಯ ಮಾಡಿದರು. ಹುಡುಗರನ್ನು ವಿಧೇಯರನ್ನಾಗಿ ಮಾಡಲಿ ಎಂದು ಮಾಡಿದ ಕುರ್ಚಿ ಅದು. ಅದರ ಮೇಲೆ ಬಂದು ಕುಳಿತವರು ಪ್ರತಿಯೊಂದಕ್ಕೂ ಕಾರಣ ಕೇಳುವ ಮನುಷ್ಯ. ಮುಂದೆ ಬಂದ ಕಷ್ಟಕ್ಕೆಲ್ಲ ಬೀಜ ಇಲ್ಲೇ ಇತ್ತು.

ಅರ್ಧದ ಅರ್ಧ

ಈಗ ಗಣಿತಕ್ಕೆ ಬರೋಣ. ಬೊಲ್ಜಾನೊ ಅವರ ಹೆಸರನ್ನು ಉಳಿಸಿದ ಕೆಲಸ 1817ರಲ್ಲಿ ಪ್ರಾಗ್‌ನಲ್ಲಿ ಅಚ್ಚಾದ ಒಂದು ಚಿಕ್ಕ ಪುಸ್ತಿಕೆ. ಅದು ನಮ್ಮ ಊರಿನವರಿಗೆ ಅರ್ಥವಾಗಬೇಕಾದರೆ ಮೊದಲು ಒಂದು ಪೈಪಿನ ಉದಾಹರಣೆ ನೋಡೋಣ.

ಬೋರ್‌ವೆಲ್‌ನಿಂದ ತೋಟದ ತೊಟ್ಟಿಗೆ ಒಂದು ಸಾವಿರ ಮೀಟರ್ ಪೈಪು ಹಾಕಿದ್ದೀರಿ. ಎಲ್ಲೋ ಒಂದು ಕಡೆ ಕಸ ಕಟ್ಟಿ ನೀರು ಬರುತ್ತಿಲ್ಲ. ಮೀಟರಿಗೊಂದು ಕಡೆ ಅಗೆದು ನೋಡುವವರು ಯಾರೂ ಇಲ್ಲ. ಸರಿಯಾಗಿ ನಡುವೆ, 500ನೇ ಮೀಟರಿನಲ್ಲಿ ಪೈಪು ಬಿಚ್ಚಿ ನೋಡುತ್ತೀರಿ. ಅಲ್ಲಿಗೆ ನೀರು ಬಂದರೆ ಕಸ ಇರುವುದು ಮುಂದಿನ ಅರ್ಧದಲ್ಲಿ. ಬರದಿದ್ದರೆ ಹಿಂದಿನ ಅರ್ಧದಲ್ಲಿ. ಆ ಅರ್ಧದ ನಡುವನ್ನು ಮತ್ತೆ ನೋಡುತ್ತೀರಿ. ಹೀಗೆ ಹತ್ತು ಸಲ ನೋಡುವಷ್ಟರಲ್ಲಿ ಸಾವಿರ ಮೀಟರ್ ಒಂದು ಮೀಟರಿಗಿಂತ ಕಡಿಮೆಗೆ ಇಳಿದಿರುತ್ತದೆ.

ಇದೇ ಉಪಾಯವನ್ನು ಸಂಖ್ಯಾರೇಖೆಗೆ ತರೋಣ. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 2 ಬರುತ್ತದೆ? 1ರ ವರ್ಗ 1, ಅದು ಕಡಿಮೆ. 2ರ ವರ್ಗ 4, ಅದು ಹೆಚ್ಚು. ಆದ್ದರಿಂದ ಉತ್ತರ 1 ಮತ್ತು 2ರ ನಡುವೆ ಇರಬೇಕು. ನಡು 1.5, ಅದರ ವರ್ಗ 2.25, ಹೆಚ್ಚಾಯಿತು. ಹಾಗಾದರೆ 1 ಮತ್ತು 1.5ರ ನಡುವೆ. ಅವುಗಳ ನಡು 1.25, ವರ್ಗ 1.5625, ಕಡಿಮೆಯಾಯಿತು. 1.25 ಮತ್ತು 1.5ರ ನಡು 1.375, ವರ್ಗ 1.890625, ಇದೂ ಕಡಿಮೆ. 1.375 ಮತ್ತು 1.5ರ ನಡು 1.4375, ವರ್ಗ ಎರಡಕ್ಕಿಂತ ತುಸು ಹೆಚ್ಚು. ನಾಲ್ಕೇ ಸಲಕ್ಕೆ ಒಂದು ಮನೆಯ ಅಗಲ ಹದಿನಾರರಲ್ಲಿ ಒಂದು ಪಾಲಿಗೆ, ಅಂದರೆ ವೀಸಕ್ಕೆ ಇಳಿಯಿತು. ಇಪ್ಪತ್ತು ಸಲ ಮಾಡಿದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಆದರೆ ಪೈಪಿಗೂ ಸಂಖ್ಯಾರೇಖೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪೈಪಿನಲ್ಲಿ ಕಸ ಇದ್ದೇ ಇದೆ, ಕೊನೆಗೆ ಕೈಗೆ ಸಿಗುತ್ತದೆ. ಸಂಖ್ಯಾರೇಖೆಯಲ್ಲಿ ನಾವು ಹಿಡಿದ ನಡುಗಳೆಲ್ಲ ಭಿನ್ನರಾಶಿಗಳು. ಯಾವ ಭಿನ್ನರಾಶಿಯ ವರ್ಗವೂ 2 ಆಗಲಾರದು ಎಂಬುದು ಗ್ರೀಕರ ಕಾಲದಿಂದ ಗೊತ್ತಿರುವ ವಿಷಯ. ಅಂದರೆ ಸಾವಿರ ವರ್ಷ ಅರ್ಧ ಮಾಡುತ್ತ ಕುಳಿತರೂ ಒಂದು ನಡುವೂ ಸರಿಯಾಗಿ ಆ ಜಾಗದ ಮೇಲೆ ಬೀಳುವುದಿಲ್ಲ. ಎರಡು ಗೋಡೆಗಳು ಹತ್ತಿರ ಹತ್ತಿರ ಬರುತ್ತಲೇ ಇರುತ್ತವೆ. ನಡುವೆ ಏನಾದರೂ ಇದೆಯೇ, ಅಥವಾ ಅಲ್ಲಿ ಇರುವುದು ಬರೀ ತೂತೇ?

ಆ ಕಾಲದ ಬಹುತೇಕ ಗಣಿತಜ್ಞರು ಇದನ್ನು ಪ್ರಶ್ನೆಯೆಂದೇ ಎಣಿಸಿರಲಿಲ್ಲ. ಒಂದು ಗೆರೆ ರಸ್ತೆಯ ಈ ಬದಿಯಲ್ಲಿ ಶುರುವಾಗಿ, ಎಲ್ಲೂ ತುಂಡಾಗದೆ ಹೋಗಿ, ಆ ಬದಿಯಲ್ಲಿ ಮುಗಿದರೆ, ಎಲ್ಲೋ ಒಂದು ಕಡೆ ರಸ್ತೆಯನ್ನು ದಾಟಿರಲೇಬೇಕು. ಚಿತ್ರ ಬರೆದರೆ ಕಾಣುತ್ತದೆ, ಮತ್ತೇನು ಸಾಧನೆ ಬೇಕು ಎಂಬುದು ಅವರ ವಾದ. ಬೊಲ್ಜಾನೊ ಇದನ್ನು ಒಪ್ಪಲಿಲ್ಲ. ಈ ಮಾತು ಸುಳ್ಳೆಂದು ಅವರು ಹೇಳಲಿಲ್ಲ. ಮಾತು ನಿಜ, ಆದರೆ ನೀವು ಕೊಡುತ್ತಿರುವುದು ಅದರ ಕಾರಣವಲ್ಲ ಎಂದರು. ಸಂಖ್ಯೆಗಳ ಬಗೆಗಿನ ಸತ್ಯಕ್ಕೆ ಸಂಖ್ಯೆಗಳಿಂದಲೇ ಕಾರಣ ಕೊಡಬೇಕು. ಚಿತ್ರ, ಚಲನೆ, ಕಾಲ ಇವುಗಳನ್ನು ಸಾಕ್ಷಿಗೆ ಕರೆಯಬಾರದು. ಚಿತ್ರ ನಮಗೆ ತಿಳಿಯುವಂತೆ ಮಾಡಬಹುದು, ಆದರೆ ಸಾಧಿಸಲಾರದು.

ಆಮೇಲೆ ತಾವೇ ಸಾಧನೆಗೆ ಕೈ ಹಾಕಿದರು. ಹೊರಡುವ ಒಂದು ಸಂಖ್ಯೆ ಇಟ್ಟುಕೊಂಡರು. ಅಲ್ಲಿಂದ ಒಂದು ದೂರ ಹೋದರೆ ಹೆಚ್ಚಾಗುತ್ತದೆ ಎಂದು ಗೊತ್ತು. ಹಾಗಾದರೆ ಆ ದೂರದ ಅರ್ಧ ಕೂಡಿಸಿ ನೋಡು. ಅದೂ ಹೆಚ್ಚಾದರೆ ಕಾಲು ಕೂಡಿಸು, ಅದೂ ಹೆಚ್ಚಾದರೆ ಅರೆಕಾಲು. ಒಂದು ಕಡೆ ಸರಿಹೋದರೆ ಅಲ್ಲಿ ನಿಂತು, ಇನ್ನೂ ಚಿಕ್ಕ ಪಾಲನ್ನು ಅದೇ ರೀತಿ ಕೂಡಿಸುತ್ತ ಹೋಗು. ನಮ್ಮ ಅಜ್ಜಂದಿರು ಸೇರು ಪಾವುಗಳಲ್ಲಿ ಅರ್ಧ, ಕಾಲು, ಅರೆಕಾಲು ಎಂದು ಅಳೆಯುತ್ತಿದ್ದ ಹಾಗೆಯೇ ಇದು. ಹೀಗೆ ಕೂಡಿಸುತ್ತ ಹೋದಂತೆ ಬರುವ ಸಂಖ್ಯೆಗಳು ಒಂದಕ್ಕೊಂದು ಎಷ್ಟು ಬೇಕಾದರೂ ಹತ್ತಿರವಾಗುತ್ತವೆ. ಅಂಥ ಸಾಲು ಯಾವುದೋ ಒಂದು ನಿಶ್ಚಿತ ಬೆಲೆಯ ಕಡೆಗೆ ಹೋಗಲೇಬೇಕು. ಆ ಬೆಲೆಯೇ ನಾವು ಹುಡುಕುತ್ತಿದ್ದ ಜಾಗ. ಎಲ್ಲೂ ತುಂಡಾಗದೆ ಸಾಗುವುದು ಅಂದರೇನು ಎಂಬುದಕ್ಕೂ ಚಿತ್ರದ ಸಹಾಯವಿಲ್ಲದ ಸ್ಪಷ್ಟ ವ್ಯಾಖ್ಯೆಯನ್ನು ಅದೇ ಪುಸ್ತಿಕೆಯಲ್ಲಿ ಕೊಟ್ಟರು.

ಇದರಲ್ಲಿ ಒಂದು ಕೊಂಡಿ ಸಡಿಲವಾಗಿಯೇ ಉಳಿಯಿತು. ಅಂಥ ಸಾಲು ಹೋಗಿ ಸೇರುವ ಬೆಲೆ ಇದ್ದೇ ಇದೆ ಎಂದು ಪೂರ್ತಿಯಾಗಿ ಸಾಧಿಸಬೇಕಾದರೆ, ಸಂಖ್ಯೆ ಅಂದರೇನು ಎಂಬುದನ್ನೇ ಮೊದಲಿನಿಂದ ಕಟ್ಟಬೇಕಾಗಿತ್ತು. ಆ ಕೆಲಸ 1872ರಲ್ಲಿ ಜರ್ಮನಿಯ ಡೆಡೆಕಿಂಡ್ ಮತ್ತು ಕ್ಯಾಂಟರ್ ಅವರಿಂದ ಆಯಿತು. ಆದರೆ ಕಟ್ಟಬೇಕಾದದ್ದು ಇಲ್ಲಿಯೇ ಎಂದು 1817ರಲ್ಲಿ ಬೆರಳಿಟ್ಟು ತೋರಿಸಿದವರು ಪ್ರಾಗ್‌ನ ಈ ಮೇಷ್ಟ್ರು. ನಾಲ್ಕು ವರ್ಷಗಳ ನಂತರ, 1821ರಲ್ಲಿ ಪ್ಯಾರಿಸ್‌ನ ಕೋಶಿ ಇದೇ ಬಗೆಯ ವಿಚಾರಗಳನ್ನು ತಮ್ಮ ಪಠ್ಯಪುಸ್ತಕದಲ್ಲಿ ಬರೆದರು. ಪ್ಯಾರಿಸ್‌ನ ಪುಸ್ತಕ ಎಲ್ಲೆಡೆ ಓದಿಸಿಕೊಂಡಿತು. ಪ್ರಾಗ್‌ನ ಪುಸ್ತಿಕೆ ಬಹುಕಾಲ ಯಾರ ಕಣ್ಣಿಗೂ ಹೆಚ್ಚಾಗಿ ಬೀಳಲಿಲ್ಲ.

ಪಾಠ ಹೇಳಿದ್ದಕ್ಕೆ ಕೆಲಸ ಹೋಯಿತು

ಪೀಠದ ಕರ್ತವ್ಯವಾಗಿ ಬೊಲ್ಜಾನೊ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಪ್ರವಚನ ಕೊಡಬೇಕಾಗಿತ್ತು. ಅವರ ಪ್ರವಚನಕ್ಕೆ ಹುಡುಗರು ಕಿಕ್ಕಿರಿದು ಸೇರುತ್ತಿದ್ದರು. ಅಲ್ಲಿಯೂ ಅವರದು ಗಣಿತದ ರೀತಿಯೇ. ಹಿಂದಿನಿಂದ ನಡೆದುಬಂದಿದೆ ಎಂಬುದು ಕಾರಣವಲ್ಲ. ಎಲ್ಲರೂ ಒಪ್ಪಿದ್ದಾರೆ ಎಂಬುದೂ ಕಾರಣವಲ್ಲ. ಯಾವ ಕೆಲಸದಿಂದ ಎಲ್ಲರಿಗೂ ಹೆಚ್ಚು ಒಳಿತಾಗುತ್ತದೋ ಅದನ್ನು ಮಾಡಬೇಕು ಎಂಬುದು ಅವರು ಹಿಡಿದ ನೀತಿ.

ಆ ನೀತಿಯ ಅಳತೆಗೋಲನ್ನು ಅವರು ಸಮಾಜದ ಮೇಲೆ ಇಟ್ಟು ನೋಡಿದರು. ಹುಟ್ಟಿನಿಂದ ಬರುವ ಮೇಲು ಕೀಳಿಗೆ ಕಾರಣ ಕಾಣಲಿಲ್ಲ. ಮನುಷ್ಯರೆಲ್ಲ ಸಮಾನರೆಂದರು. ಯುದ್ಧ ಒಂದು ದಿನ ಜನರಿಗೆ ಹೇಸಿಗೆಯಾಗಿ ಕಾಣುತ್ತದೆ ಎಂದರು. ಬೊಹಿಮಿಯಾದಲ್ಲಿ ಆಗ ಜರ್ಮನ್ ಮಾತಾಡುವವರಿಗೆ ಅಧಿಕಾರ, ಜೆಕ್ ಮಾತಾಡುವವರಿಗೆ ದುಡಿಮೆ ಎಂಬಂತಿತ್ತು. 1816ರ ಪ್ರವಚನಗಳಲ್ಲಿ ಈ ಎರಡು ಜನರ ನಡುವಿನ ಸಂಬಂಧವನ್ನೇ ವಿಷಯ ಮಾಡಿಕೊಂಡು, ಇಬ್ಬರೂ ಒಂದೇ ನಾಡಿನ ಸಮಾನ ಮಕ್ಕಳಾಗಿ ಬಾಳಬೇಕೆಂದು ತಿಳಿಹೇಳಿದರು. ನೆಪೋಲಿಯನ್ನನ ಯುದ್ಧಗಳು ಆಗತಾನೆ ಮುಗಿದಿದ್ದವು. ಸಿಪಾಯಿಗಳೂ ವಿಧೇಯ ಪ್ರಜೆಗಳೂ ಬೇಕಾಗಿದ್ದ ಸರ್ಕಾರಕ್ಕೆ ಈ ಮಾತುಗಳು ರುಚಿಸುವುದು ಸಾಧ್ಯವಿರಲಿಲ್ಲ.

1818ರಲ್ಲಿ ಅವರು ತತ್ತ್ವಶಾಸ್ತ್ರ ವಿಭಾಗದ ಡೀನ್ ಆದರು. ಮರುವರ್ಷವೇ, 1819ರ ಡಿಸೆಂಬರ್ 24ರಂದು, ಕ್ರಿಸ್ಮಸ್ ಹಬ್ಬದ ಹಿಂದಿನ ದಿನ, ಚಕ್ರವರ್ತಿಯ ಆಜ್ಞೆಯಿಂದ ಅವರನ್ನು ಕೆಲಸದಿಂದ ವಜಾ ಮಾಡಲಾಯಿತು. ಆಗ ಅವರ ವಯಸ್ಸು ಮೂವತ್ತೆಂಟು. ಪಾಠ ಹೇಳುವಂತಿಲ್ಲ, ಪ್ರವಚನ ಮಾಡುವಂತಿಲ್ಲ, ಪ್ರಕಟಣೆಗೆ ನಿರ್ಬಂಧ, ಮೇಲೆ ಪೊಲೀಸರ ಕಣ್ಣು. ಚರ್ಚಿನ ಕಡೆಯಿಂದಲೂ ವಿಚಾರಣೆ ಶುರುವಾಗಿ 1825ರವರೆಗೆ ಎಳೆಯಿತು. ಅವರ ಶಿಷ್ಯರಾಗಿದ್ದು ತಾವೂ ಅಧ್ಯಾಪಕರಾಗಿದ್ದ ಫೆಸ್ಲ್ ಎಂಬುವರನ್ನು 1820ರಲ್ಲಿ ಬಂಧಿಸಿದರು. ಜೀವನಕ್ಕೆ ಸರ್ಕಾರ ಕೊಟ್ಟದ್ದು ಒಂದು ಸಣ್ಣ ಪಿಂಚಣಿ. ಬೊಲ್ಜಾನೊ ಮತ್ತೆಂದೂ ತರಗತಿಯೊಳಗೆ ಕಾಲಿಡಲಿಲ್ಲ.

ಗುರುಗಳಾಗಿರುವ ಓದುಗರಿಗೆ ಈ ಶಿಕ್ಷೆ ಎಂಥದ್ದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹದಿನಾಲ್ಕು ವರ್ಷ ಎದುರಿಗೆ ಮಕ್ಕಳನ್ನು ಕೂಡಿಸಿಕೊಂಡು ಮಾತಾಡಿದವರಿಗೆ ಉಳಿದ ಆಯುಷ್ಯವೆಲ್ಲ ಖಾಲಿ ಕೋಣೆ ಕೊಟ್ಟಂತೆ ಆಯಿತು.

ಹಳ್ಳಿಯ ಮನೆಯಲ್ಲಿ

ಆ ಖಾಲಿತನವನ್ನು ತುಂಬಿದವರು ಹಾಫ್‌ಮನ್ ಎಂಬ ದಂಪತಿಗಳು. ಯೋಸೆಫ್ ಮತ್ತು ಆನಾ ಹಾಫ್‌ಮನ್ ತಮ್ಮ ಮಕ್ಕಳನ್ನು ಕಳೆದುಕೊಂಡ ದುಃಖದಲ್ಲಿದ್ದಾಗ ಬೊಲ್ಜಾನೊ ಅವರ ಮಾತುಗಳಿಂದ ಸಮಾಧಾನ ಕಂಡವರು. ದಕ್ಷಿಣ ಬೊಹಿಮಿಯಾದ ತ್ಯೆಖೊಬುಜ್ ಎಂಬ ಹಳ್ಳಿಯಲ್ಲಿ ಅವರಿಗೆ ಜಮೀನು, ಮನೆ ಇತ್ತು. 1823ರಿಂದ ಬೇಸಿಗೆಗಳಲ್ಲಿ, 1830ರ ನಂತರ ಹೆಚ್ಚುಕಡಿಮೆ ವರ್ಷಪೂರ್ತಿ ಬೊಲ್ಜಾನೊ ಅಲ್ಲಿಯೇ ಇದ್ದರು. ಊಟ, ಔಷಧ, ಶಾಂತವಾದ ಒಂದು ಕೋಣೆ, ಇಷ್ಟು ಸಿಕ್ಕಿತು. ಅವರು ಬರೆಯತೊಡಗಿದರು.

ಅಲ್ಲಿ ಹುಟ್ಟಿದ್ದು ತರ್ಕಶಾಸ್ತ್ರದ ನಾಲ್ಕು ಸಂಪುಟಗಳ ದೊಡ್ಡ ಗ್ರಂಥ. ಒಂದು ಸತ್ಯಕ್ಕೆ ಇನ್ನೊಂದು ಸತ್ಯ ಕಾರಣವಾಗುವುದು ಹೇಗೆ, ಒಂದು ಶಾಸ್ತ್ರವನ್ನು ಕ್ರಮವಾಗಿ ಕಟ್ಟುವುದು ಹೇಗೆ ಎಂಬುದೇ ಅದರ ವಿಷಯ. ಗೆಳೆಯರು ಮತ್ತು ಶಿಷ್ಯರು ಓಡಾಡಿ, 1837ರಲ್ಲಿ ಅದನ್ನು ಆಸ್ಟ್ರಿಯಾದ ಗಡಿಯಾಚೆ, ಬವೇರಿಯಾದ ಸುಲ್ಜ್‌ಬಾಖ್‌ನಲ್ಲಿ ಅಚ್ಚು ಹಾಕಿಸಿದರು. ಎಲ್ಲರೂ ಸಮಾನರಾಗಿರುವ ಒಳ್ಳೆಯ ರಾಜ್ಯ ಹೇಗಿರಬೇಕು ಎಂಬ ಒಂದು ಪುಸ್ತಕವನ್ನೂ ಬರೆದರು. ಅದು ಅವರ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಗಣಿತವನ್ನು ಬುಡದಿಂದ ಕಟ್ಟುವ ಇನ್ನೊಂದು ದೊಡ್ಡ ಕೆಲಸ ಹಸ್ತಪ್ರತಿಯಲ್ಲೇ ಉಳಿಯಿತು. ಆ ಕಾಗದಗಳಲ್ಲಿ ಒಂದು ವಿಚಿತ್ರ ಗೆರೆಯ ವಿವರವಿತ್ತು. ಎಲ್ಲೂ ತುಂಡಾಗದ, ಆದರೆ ಎಲ್ಲೆಲ್ಲೂ ಮೊನಚಾಗಿ ಮುರಿದಂತಿರುವ ಗೆರೆ ಅದು. ಅಂಥದ್ದು ಸಾಧ್ಯ ಎಂದು 1872ರಲ್ಲಿ ವೈಯರ್‌ಸ್ಟ್ರಾಸ್ ತೋರಿಸಿದಾಗ ಗಣಿತಲೋಕ ಬೆರಗಾಯಿತು. ಬೊಲ್ಜಾನೊ ಅದನ್ನು ಸುಮಾರು ನಲವತ್ತು ವರ್ಷ ಮೊದಲೇ ಬರೆದಿಟ್ಟಿದ್ದರೆಂದು ಲೋಕಕ್ಕೆ ತಿಳಿದದ್ದು 1920ರ ದಶಕದಲ್ಲಿ, ಹಸ್ತಪ್ರತಿಗಳನ್ನು ಹುಡುಕಿ ಓದಿದಾಗ. ಕಣ್ಣಿಗೆ ಕಾಣುವ ಚಿತ್ರವನ್ನು ನಂಬಬಾರದೆಂಬ ಅವರ ಹಟ ಎಷ್ಟು ಸರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅಂಥ ಗೆರೆಯನ್ನು ಯಾವ ಕೈಯೂ ಬರೆಯಲಾರದು.

ಆನಾ ಹಾಫ್‌ಮನ್ 1842ರಲ್ಲಿ ತೀರಿಕೊಂಡರು. ಬೊಲ್ಜಾನೊ ಪ್ರಾಗ್‌ಗೆ ಬಂದು ತಮ್ಮನ ಮನೆಯಲ್ಲಿ ಉಳಿದರು. ಕಾಯಿಲೆಯ ನಡುವೆಯೂ ಕೊನೆಯ ಪುಸ್ತಕ ಬರೆದರು. ಅದು ಅನಂತದ ವಿಚಿತ್ರಗಳನ್ನು ಕುರಿತದ್ದು. ಅದರಲ್ಲಿರುವ ಒಂದು ಉದಾಹರಣೆಯನ್ನು ನಮ್ಮ ಒಂಬತ್ತನೇ ತರಗತಿಯ ಮಕ್ಕಳೂ ಮಾಡಿ ನೋಡಬಹುದು. ಸಂಖ್ಯಾರೇಖೆಯ ಮೇಲೆ 0ಯಿಂದ 5ರವರೆಗಿನ ತುಂಡು ಒಂದು, 0ಯಿಂದ 12ರವರೆಗಿನ ತುಂಡು ಇನ್ನೊಂದು. ಮೊದಲನೆಯದರ ಪ್ರತಿ ಸಂಖ್ಯೆಯನ್ನು 12ರಿಂದ ಗುಣಿಸಿ 5ರಿಂದ ಭಾಗಿಸಿದರೆ ಎರಡನೆಯದರಲ್ಲಿ ಅದಕ್ಕೊಂದು ಜೊತೆ ಸಿಗುತ್ತದೆ. 0ಗೆ 0 ಜೊತೆ, 5ಕ್ಕೆ 12 ಜೊತೆ, ಮೊದಲನೆಯದರ ನಡುವಾದ 2.5ಕ್ಕೆ ಎರಡನೆಯದರ ನಡುವಾದ 6 ಜೊತೆ. ಒಂದೂ ಮಿಗುವುದಿಲ್ಲ, ಒಂದಕ್ಕೂ ಎರಡು ಜೊತೆ ಬರುವುದಿಲ್ಲ. ಚಿಕ್ಕ ತುಂಡು ದೊಡ್ಡದರ ಒಂದು ಭಾಗವಷ್ಟೇ ಆದರೂ ಎರಡರ ಬಿಂದುಗಳು ಹೀಗೆ ಸರಿಜೋಡಿಯಾಗುತ್ತವೆ. ಅನಂತಕ್ಕೆ ಇದು ಸಹಜ ಗುಣ, ಹೆದರಬೇಕಾಗಿಲ್ಲ ಎಂದು ಅವರು ಧೈರ್ಯವಾಗಿ ಬರೆದರು.

1848ರ ಡಿಸೆಂಬರ್ 18ರಂದು, ಅರವತ್ತೇಳನೇ ವಯಸ್ಸಿನಲ್ಲಿ ಬೊಲ್ಜಾನೊ ಪ್ರಾಗ್‌ನಲ್ಲಿ ತೀರಿಕೊಂಡರು. ಅನಂತದ ಪುಸ್ತಕವನ್ನು ಶಿಷ್ಯ ಪ್ರಿಹೊನ್ಸ್ಕಿ 1851ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಕಟಿಸಿದರು. ಮುಂದೆ ಕ್ಯಾಂಟರ್ ತಮ್ಮ ಅನಂತದ ಗಣಿತವನ್ನು ಕಟ್ಟುವಾಗ ಅದನ್ನು ಓದಿ ಗೌರವದಿಂದ ನೆನೆದರು. 1881ರಲ್ಲಿ ಸ್ಟೋಲ್ಟ್ಸ್ ಎಂಬ ಗಣಿತಜ್ಞರು ಬೊಲ್ಜಾನೊ ಅವರ ಮಹತ್ವವನ್ನು ವಿವರಿಸಿ ಲೇಖನ ಬರೆದರು. ಇಂದು ಬಿ.ಎಸ್ಸಿ. ಗಣಿತದ ಯಾವ ಪುಸ್ತಕ ತೆರೆದರೂ ಬೊಲ್ಜಾನೊ–ವೈಯರ್‌ಸ್ಟ್ರಾಸ್ ಪ್ರಮೇಯ ಎಂಬ ಹೆಸರು ಇದ್ದೇ ಇರುತ್ತದೆ.

ನಮ್ಮ ಕೈಯಲ್ಲಿರುವ ಬೊಲ್ಜಾನೊ

ಇದೆಲ್ಲ ಪಂಡಿತರ ಮಾತಾಯಿತು, ನಮಗೇನು ಎಂದು ಊರಿನವರು ಕೇಳಬಹುದು. ನಿಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲೇ ಇದರ ಉತ್ತರವಿದೆ. ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದ ಸಾವಿರಾರು ಹೆಸರುಗಳಲ್ಲಿ ಒಂದನ್ನು ಹುಡುಕುವ ಸುಲಭ ದಾರಿ ನಡುವನ್ನು ನೋಡಿ ಅರ್ಧ ಬಿಡುವುದು. ಹತ್ತು ಲಕ್ಷ ಹೆಸರುಗಳಿದ್ದರೂ ಇಪ್ಪತ್ತು ಸಲ ನೋಡಿದರೆ ಸಾಕು. ನಮ್ಮ ಕೆಲಸದಲ್ಲಿ ಪ್ರೋಗ್ರಾಮಿಗೆ ಒಂದರ ಮೇಲೊಂದು ಸಾವಿರ ಬದಲಾವಣೆ ಮಾಡಿರುತ್ತೇವೆ. ಎಲ್ಲೋ ಒಂದು ಕಡೆ ಅದು ಕೆಟ್ಟಿರುತ್ತದೆ. ಆಗ ಗಿಟ್ ಎಂಬ ಸಾಧನದಲ್ಲಿ ಬೈಸೆಕ್ಟ್ ಎಂಬ ಆಜ್ಞೆ ಕೊಡುತ್ತೇವೆ. ಅದು ನಡುವಿನ ಬದಲಾವಣೆಯನ್ನು ತೆಗೆದು ತೋರಿಸುತ್ತದೆ. ಅಲ್ಲಿ ಸರಿಯಿದ್ದರೆ ಮುಂದಿನ ಅರ್ಧ, ಕೆಟ್ಟಿದ್ದರೆ ಹಿಂದಿನ ಅರ್ಧ. ಹತ್ತು ಸಲಕ್ಕೆ ತಪ್ಪು ಸಿಕ್ಕಿಬೀಳುತ್ತದೆ. ಪೈಪಿನ ಲೆಕ್ಕವೇ ಅದು.

ಈ ನಡುವಿನ ಲೆಕ್ಕದಲ್ಲಿಯೇ ಕಂಪ್ಯೂಟರ್ ಲೋಕ ಒಮ್ಮೆ ಮುಗ್ಗರಿಸಿತು. ಜಾವಾ ಎಂಬ ಹೆಸರಾಂತ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹುಡುಕುವ ಕೆಲಸಕ್ಕೆಂದು ಸಿದ್ಧವಾಗಿ ಕೊಟ್ಟಿದ್ದ ಭಾಗದಲ್ಲಿ ನಡುವನ್ನು ಕಂಡುಹಿಡಿಯಲು ಎರಡು ಸಂಖ್ಯೆಗಳನ್ನು ಕೂಡಿಸಿ ಅರ್ಧ ಮಾಡುತ್ತಿದ್ದರು. ನಾವು ಶಾಲೆಯಲ್ಲಿ ಕಲಿತ ಮೊದಲನೆಯ ದಾರಿ. ಆದರೆ ಅಲ್ಲಿ ಬಳಸಿದ ಪೂರ್ಣಾಂಕದ ಮನೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 214 ಕೋಟಿ 74 ಲಕ್ಷ 83 ಸಾವಿರದ 647. ಒಂದು ಸಂಖ್ಯೆ 150 ಕೋಟಿ, ಇನ್ನೊಂದು 170 ಕೋಟಿ ಎಂದಿಟ್ಟುಕೊಳ್ಳಿ. ಬೇರೆ ಬೇರೆಯಾಗಿ ಎರಡೂ ಹಿಡಿಸುತ್ತವೆ. ಕೂಡಿಸಿದರೆ 320 ಕೋಟಿ, ಹಿಡಿಸದೆ ಉಕ್ಕಿ ಋಣ ಸಂಖ್ಯೆಯಾಗಿಬಿಡುತ್ತದೆ. ನಡುವಿನ ಬಿಂದು ಗೆರೆಯ ಆಚೆ ತುದಿಗೆ ಹೋಗಿ ಬೀಳುತ್ತದೆ. ಸುಮಾರು ಒಂಬತ್ತು ವರ್ಷ ಯಾರೂ ಗಮನಿಸದೆ ಇದ್ದ ಈ ದೋಷ 2006ರಲ್ಲಿ ಎಲ್ಲರಿಗೂ ತಿಳಿಯಿತು.

ಪರಿಹಾರ ಏನು? 150 ಕೋಟಿಯಲ್ಲಿ ನಿಂತುಕೊಳ್ಳಿ. 170 ಕೋಟಿಗೆ ಇರುವ ದೂರ 20 ಕೋಟಿ. ಅದರ ಅರ್ಧ 10 ಕೋಟಿ ಮುಂದೆ ನಡೆಯಿರಿ. 160 ಕೋಟಿ ಬಂತು, ಎಲ್ಲೂ ಉಕ್ಕಲಿಲ್ಲ. ಹೊರಟ ಸಂಖ್ಯೆಗೆ ದೂರದ ಅರ್ಧವನ್ನು ಕೂಡಿಸುವ ಎರಡನೆಯ ದಾರಿ ಇದು. 1817ರ ಪುಸ್ತಿಕೆಯಲ್ಲಿ ಬೊಲ್ಜಾನೊ ಬರೆದ ರೂಪವೂ ಇದೇ. ಅವರಿಗೆ ಕಂಪ್ಯೂಟರಿನ ಚಿಂತೆ ಇರಲಿಲ್ಲ. ಹೊರಟ ಜಾಗ ಯಾವುದು, ಎಷ್ಟು ದೂರ ಹೋಗುತ್ತಿದ್ದೇವೆ, ಪ್ರತಿ ಹೆಜ್ಜೆಗೂ ಆಧಾರವೇನು ಎಂದು ಸ್ಪಷ್ಟವಾಗಿ ಇಟ್ಟುಕೊಂಡು ನಡೆಯುವುದು ಅವರ ಸ್ವಭಾವ. ಅಂಥ ನಡಿಗೆ ಯಾವ ಕಾಲಕ್ಕೂ ಹಳತಾಗುವುದಿಲ್ಲ.

ಬೊಲ್ಜಾನೊ ಅವರ ಜೀವನದಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಒಂದು ಸಂಗತಿ. ಗಣಿತದಲ್ಲಿ ಕಾರಣ ಕೇಳಿ, ಹೊರಗೆ ಬಂದು ಸುಮ್ಮನಿದ್ದಿದ್ದರೆ ಅವರು ಡೀನ್ ಆಗಿಯೇ ನಿವೃತ್ತರಾಗುತ್ತಿದ್ದರು. ಸಂಖ್ಯಾರೇಖೆಗೆ ಒಂದು ನ್ಯಾಯ, ಸಮಾಜಕ್ಕೆ ಇನ್ನೊಂದು ನ್ಯಾಯ ಎಂದು ಅವರು ಮಾಡಲಿಲ್ಲ. ಎರಡು ಸಂಖ್ಯೆಗಳ ನಡುವೆ ಏನಿದೆ ಎಂದು ಕೇಳಿದ ಬಾಯಿಯೇ ಎರಡು ಜನಗಳ ನಡುವೆ ಈ ಅಂತರ ಏಕಿದೆ ಎಂದೂ ಕೇಳಿತು. ಮೊದಲ ಪ್ರಶ್ನೆಯನ್ನು ಲೋಕ ಅರವತ್ತು ವರ್ಷ ಗಮನಿಸಲಿಲ್ಲ. ಎರಡನೆಯ ಪ್ರಶ್ನೆಗೆ ಅವರ ಕೆಲಸವನ್ನೇ ಕಿತ್ತುಕೊಂಡರು. ಆದರೆ ಕೇಳಿದವರು ಹೋದರೂ ಕೇಳಿದ್ದು ಉಳಿಯಿತು, ಹಸ್ತಪ್ರತಿಗಳನ್ನು ಜೋಪಾನವಾಗಿ ಇಟ್ಟುಕೊಂಡ ಶಿಷ್ಯರಿಂದ ಉಳಿಯಿತು.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಕರಿಹಲಗೆಯ ಮೇಲೆ ಎಷ್ಟು ಸಂಖ್ಯಾರೇಖೆಗಳನ್ನು ಎಳೆದು ಅಳಿಸಿದ್ದಾರೋ ಲೆಕ್ಕ ಇಟ್ಟವರಿಲ್ಲ. ಪ್ರತಿ ಗೆರೆಯ ಮುಂದೆಯೂ ಒಬ್ಬ ಗುರು ನಿಂತಿದ್ದರು. ಇಂದು ಆ ತರಗತಿಗಳಲ್ಲಿ ಕುಳಿತಿರುವ ತಮ್ಮ ತಂಗಿಯರಿಗೆ ನಾನು ಹೇಳುವುದು ಇಷ್ಟೇ. ನಡುವಿನ ಸಂಖ್ಯೆ ಯಾವುದೆಂದು ಉತ್ತರ ಬರೆದ ಮೇಲೆ ಪುಸ್ತಕ ಮುಚ್ಚಬೇಡಿ. ಅದು ಏಕೆ ಸರಿ ಎಂದು ಮೇಷ್ಟ್ರನ್ನು ಕೇಳಿ, ಮೇಡಂ ಅವರನ್ನು ಕೇಳಿ. ನಮ್ಮ ಶಾಲೆಯ ಗುರುಗಳು ಹಾಗೆ ಕೇಳುವ ಮಕ್ಕಳನ್ನು ಎಂದೂ ಕೂರಿಸಿದವರಲ್ಲ. ಮುಂದಿನ ಐವತ್ತು ವರ್ಷವೂ ಆ ಗುಣ ಇಲ್ಲಿ ಬೆಳೆಯಲಿ, ಶತಮಾನೋತ್ಸವದ ಸಂಚಿಕೆಗೆ ನಿಮ್ಮಲ್ಲೊಬ್ಬರು ಇದಕ್ಕಿಂತ ಒಳ್ಳೆಯ ಲೇಖನ ಬರೆಯಲಿ ಎಂದು ಹಾರೈಸುತ್ತೇನೆ.